ಲೇಯರ್ ಕಟ್ ಬೆಳೆಸುವಾಗ ಜಡೆ, ತುರುಬು ನಿಲ್ಲಿಸೋದು ಹೇಗೆ?

ಮಡಿಕೇರಿ: ಗಿಡ್ಡ ಎಳೆ ಗಲ್ಲದವರೆಗೆ, ಉದ್ದದ್ದು ಬೆನ್ನಿನ ಮಧ್ಯಕ್ಕೆ. ಜಡೆ ಹೆಣೆದರೆ ಪಕ್ಕದಿಂದ ತುದಿಗಳು ಹೊರಬರುತ್ತವೆ. ಮದುವೆಗೆ ಕೊಡವ ಸೀರೆ ಉಡಬೇಕು, ತುರುಬು ನಿಲ್ಲುತ್ತಾ?

ವಿರಾಜಪೇಟೆ: ಸಾದಾ ಜಡೆ ಬಿಡಿ, ಫ್ರೆಂಚ್ ಜಡೆ ಹೆಣೀರಿ. ಹಣೆಯಿಂದಲೇ ಪ್ರತಿ ಹೆಣಿಗೆಗೂ ಸ್ವಲ್ಪ ಸ್ವಲ್ಪ ಕೂದಲು ಸೇರಿಸ್ತಾ ಹೋಗೋದ್ರಿಂದ ಗಿಡ್ಡ ಎಳೆ ನೆತ್ತಿ ಹತ್ತಿರವೇ ಸಿಕ್ಕಿಕೊಳ್ಳುತ್ತೆ. ಮೊದಲು ಎರಡು ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಉಜ್ಜಿ ತುದಿಗಳಿಗಷ್ಟೇ ಸವರಿ. ಒದ್ದೆ ಕೂದಲನ್ನು ಬಿಗಿಯಾಗಿ ಹೆಣೆಯಲೇಬೇಡಿ: ನೆನೆದ ಎಳೆ ಹಿಗ್ಗಿ ತುಂಡಾಗುತ್ತೆ, ನಮ್ಮ ಮಳೆಗಾಲದಲ್ಲಿ ಒಳಗೆ ಒಣಗದೆ ವಾಸನೆ, ತುರಿಕೆ ಬೇರೆ.

ಸೋಮವಾರಪೇಟೆ: ತುರುಬು ಖಂಡಿತ ನಿಲ್ಲುತ್ತೆ, ಕತ್ತಿನ ಬುಡದಲ್ಲೇ ಹಾಕಿ. ತಲೆಗೆ ವಸ್ತ್ರ (ಕೊಡವ ಹೆಂಗಸರ ತಲೆಬಟ್ಟೆ) ಕಟ್ಟೋದಿದ್ದರೂ ಅದೇ ಸರಿ. ಮುಂದಿನ ಗಿಡ್ಡ ಎಳೆಗಳನ್ನು ಎರಡೂ ಕಡೆ ಹಿಂದಕ್ಕೆ ಹುರಿ ಮಾಡಿ, ಎರಡು ಪಿನ್ ಅಡ್ಡಡ್ಡ ಸಿಕ್ಕಿಸಿ. ಪಿನ್ನಿನ ಅಂಕುಡೊಂಕು ಬದಿ ತಲೆ ಕಡೆಗಿರಲಿ. ತಿರುಗಿಸಿ ಹಾಕಿದರೆ ಜಾರುತ್ತೆ. ಆಮೇಲೆ ಉಳಿದದ್ದನ್ನು ರಬ್ಬರ್ ಬ್ಯಾಂಡ್ ಹಾಕಿ ಸುತ್ತಿ.

ವಿರಾಜಪೇಟೆ: ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತೆ. ಟ್ರಿಮ್ ಮಾಡಿಸುವಾಗ ಕೆಳಗಿನ ಉದ್ದ ತುದಿ ಮಾತ್ರ ಕತ್ತರಿಸಲು ಹೇಳಿ, ಲೇಯರ್ ಮುಟ್ಟಬಾರದು.