ಶಾಟ್‌ಕಟ್: ಅಳಿಸಿದ ಮೂಲ ಧ್ವನಿಯನ್ನು ಕ್ಲಿಪ್‌ಗಳಿಗೆ ವಾಪಸ್ ತರೋದು ಹೇಗೆ? [ಬಗೆಹರಿದಿದೆ]

ರೊಟ್ಟಿಬುಟ್ಟಿ:
ಎಲ್ಲರಿಗೂ ನಮಸ್ಕಾರ. ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ಮೊಬೈಲಲ್ಲಿ 22 ನಿಮಿಷ ಶೂಟ್ ಮಾಡಿದ್ದೆ. ಶಾಟ್‌ಕಟ್ ಅನ್ನೋ ವಿಡಿಯೊ ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿ, ‘ಡಿಟ್ಯಾಚ್ ಆಡಿಯೊ’ ಕೊಟ್ಟು ಧ್ವನಿ ಬೇರೆ ಮಾಡಿದೆ. ಅದನ್ನು ಅಳಿಸಿ ಒಂದು ಸಿನಿಮಾ ಹಾಡು ಹಾಕಿದೆ. ಆಮೇಲೆ ಕತ್ತರಿಸಿ ಕತ್ತರಿಸಿ 34 ತುಂಡು ಮಾಡಿ ಆರು ನಿಮಿಷಕ್ಕೆ ಇಳಿಸಿದೆ. ಅಪ್‌ಲೋಡ್ ಮಾಡಿದ ಕೂಡಲೇ ಹಾಡಿಗೆ ಕಾಪಿರೈಟ್ ತಕರಾರು ಬಂತು. ಹಾಡು ತೆಗೆದರೆ ವಿಡಿಯೊ ಪೂರ್ತಿ ಮೂಕ. ಅವ್ವ ನೋಡಿ “ರೊಟ್ಟಿ ಬಡಿಯೂ ಸಪ್ಪಳನ ಕೇಳವಲ್ದಲ್ಲೊ” ಅಂದಳು. ಅಂಡೂ ಮಾಡೋಣ ಅಂದ್ರೆ ಪ್ರಾಜೆಕ್ಟ್ ನಿನ್ನೆಯೇ ಮುಚ್ಚಿದ್ದೆ, ಹಿಂದಿನ ಹೆಜ್ಜೆ ಒಂದೂ ಉಳಿದಿಲ್ಲ. ದಾರಿ ಇದೆಯಾ?

ಹಳೇಕ್ಯಾಮೆರಾ:
ಟ್ರ್ಯಾಕ್ (ಕ್ಲಿಪ್‌ಗಳು ಕೂರುವ ಪಟ್ಟಿ) ಹೆಸರಿನ ಹತ್ತಿರ ಸ್ಪೀಕರ್ ಚಿತ್ರ ಇರುತ್ತಲ್ಲ, ಅದು ಮ್ಯೂಟ್ ಆಗಿದೆಯಾ ನೋಡಿ.

ರೊಟ್ಟಿಬುಟ್ಟಿ:
ನೋಡಿದೆ ಸರ್, ಮ್ಯೂಟ್ ಇಲ್ಲ. ವಿಚಿತ್ರ ಅಂದ್ರೆ ಪ್ಲೇಲಿಸ್ಟ್‌ನಲ್ಲಿ, ಅಂದ್ರೆ ಕತ್ತರಿಸದ ಕ್ಲಿಪ್‌ಗಳ ಪಟ್ಟಿಯಲ್ಲಿ, ಇರುವ ಅದೇ ಕ್ಲಿಪ್ ತೆರೆದರೆ ಧ್ವನಿ ಚೆನ್ನಾಗಿ ಬರುತ್ತೆ. ಕತ್ತರಿಸಿ ಜೋಡಿಸಿದ ಟೈಮ್‌ಲೈನ್‌ನಲ್ಲಿ ಮಾತ್ರ ಇಲ್ಲ.

ಹಳೇಕ್ಯಾಮೆರಾ:
ಹಾಗಾದ್ರೆ ಮೂಲ ಕ್ಲಿಪ್ಪನ್ನೇ ತಂದು ಮತ್ತೆ ಮೊದಲಿಂದ ಕತ್ತರಿಸಬೇಕು. ಬೇರೆ ದಾರಿ ಕಾಣ್ತಿಲ್ಲ.

ತಂತಿಮೀಟರ್:
ಬೇಡ ಬೇಡ, ಕತ್ತರಿ ಕೆಳಗಿಡಿ! ಪ್ಲೇಲಿಸ್ಟ್‌ನಲ್ಲಿ ಧ್ವನಿ ಇದೆ ಅಂದ್ರೆ ಫೈಲ್‌ಗೆ ಏನೂ ಆಗಿಲ್ಲ. ಶಾಟ್‌ಕಟ್ ನಿಮ್ಮ ಮೂಲ ಫೈಲನ್ನು ಮುಟ್ಟುವುದೇ ಇಲ್ಲ. ಯಾವ ಫೈಲಿನ ಎಲ್ಲಿಂದ ಎಲ್ಲಿಯವರೆಗೆ, ಯಾವ ಧ್ವನಿಯೊಂದಿಗೆ ತೋರಿಸಬೇಕು ಅಂತ ಬರೆದಿಟ್ಟುಕೊಳ್ಳುತ್ತೆ, ಅಷ್ಟೇ.

ಡಿಟ್ಯಾಚ್ ಆಡಿಯೊ ಕೊಟ್ಟಾಗ ಎರಡು ಕೆಲಸ ಆಗುತ್ತೆ. ಧ್ವನಿಯ ಒಂದು ಪ್ರತಿ ಆಡಿಯೊ ಟ್ರ್ಯಾಕ್‌ಗೆ ಇಳಿಯುತ್ತೆ. ಮೇಲಿನ ವಿಡಿಯೊ ಕ್ಲಿಪ್‌ಗೆ ‘ನೀನು ಬಾಯಿ ಮುಚ್ಚು’ ಅಂತ ಗುರುತು ಬೀಳುತ್ತೆ. ನೀವು ಕೆಳಗಿನ ಪ್ರತಿ ಅಳಿಸಿದಿರಿ, ಗುರುತು ಹಾಗೇ ಉಳಿಯಿತು. ಆಮೇಲೆ ಕತ್ತರಿಸಿದ್ದರಿಂದ ತುಂಡು ತುಂಡಿಗೂ ಅದೇ ಗುರುತು.

ತೆಗೆಯುವುದು ಹೀಗೆ: ಟೈಮ್‌ಲೈನ್‌ನಲ್ಲಿ ಒಂದು ತುಂಡು ಆರಿಸಿ. ಪ್ರಾಪರ್ಟೀಸ್ ತೆರೆದು ಅದರಲ್ಲಿ ಆಡಿಯೊ ಟ್ಯಾಬ್‌ಗೆ ಹೋಗಿ. ‘ಟ್ರ್ಯಾಕ್’ ಅನ್ನೋ ಜಾಗದಲ್ಲಿ ‘ನನ್’ ಅಂತಿರುತ್ತೆ, ಅಂದ್ರೆ ಯಾವುದೂ ಇಲ್ಲ. ಅದನ್ನು ಬಿಚ್ಚಿ 1 ಅಂತ ಶುರುವಾಗುವ ಸಾಲು ಆರಿಸಿ. ತುಂಡಿನ ಮೇಲೆ ಧ್ವನಿಯ ಏರಿಳಿತದ ಗೆರೆ ಮತ್ತೆ ಮೂಡಿದರೆ ಕೆಲಸ ಆಯ್ತು. ಕತ್ತರಿಸಿದ ಜಾಗ ಒಂದು ಫ್ರೇಮೂ ಕದಲಲ್ಲ. 34 ಸಲ ಮಾಡಬೇಕು, ಬೇಜಾರಿನ ಕೆಲಸವೇ. ಮೊದಲು ಪ್ರಾಜೆಕ್ಟನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ.

ರೊಟ್ಟಿಬುಟ್ಟಿ:
ಬಂತು!! ಮೊದಲ ತುಂಡಿಗೇ ಪಟ್ ಪಟ್ ಅಂತ ಕೇಳಿಸಿತು, ಅವ್ವ ಅಡುಗೆಮನೆಯಿಂದ ಎದ್ದು ಬಂದಳು. ಎಲ್ಲ ತುಂಡೂ ಮುಗಿಸಿದೆ. ಆದರೆ ಎರಡು ಕಡೆ ಒಂದು ಏಟು ಎರಡು ಸಲ ಕೇಳುತ್ತೆ, ಪಟಟ್ ಅಂತ. ಇನ್ನೊಂದು ಕಡೆ ಧ್ವನಿ ಜಾಸ್ತಿ ಜೋರು.

ತಂತಿಮೀಟರ್:
ಅಲ್ಲೆಲ್ಲ ಕೆಳಗಿನ ಆಡಿಯೊ ಟ್ರ್ಯಾಕ್‌ನಲ್ಲಿ ಹಳೇ ಪ್ರತಿಯ ಚೂರು ಉಳಿದಿದೆ. ಸರಿಯಾಗಿ ಒಂದರ ಕೆಳಗೊಂದು ಕೂತಿದ್ದರೆ ಧ್ವನಿ 6 ಡೆಸಿಬಲ್ ಏರುತ್ತೆ, ಸ್ವಲ್ಪ ಸರಿದಿದ್ದರೆ ಪಟಟ್. ಹಾಡಿನ ಕೆಳಗೆ ಮುಚ್ಚಿಹೋಗಿತ್ತೇನೋ. ಟೈಮ್‌ಲೈನ್ ಝೂಮ್ ಮಾಡಿ, ಚೂರು ಕಾಣುತ್ತೆ, ಅಳಿಸಿ.

ಮುಂದೆ ಧ್ವನಿ ಬೇಡ ಅನಿಸಿದ್ರೆ ಡಿಟ್ಯಾಚ್ ಮಾಡಬೇಡಿ. ಫಿಲ್ಟರ್‌ಗಳಲ್ಲಿ ‘ಮ್ಯೂಟ್’ ಅಂತ ಒಂದಿದೆ, ಅದನ್ನು ಹಾಕಿ. ಬೇಕಾದಾಗ ಟಿಕ್ ತೆಗೆದರೆ ಧ್ವನಿ ಹಾಜರ್. ಡಿಟ್ಯಾಚ್ ಇರೋದು ಧ್ವನಿಯನ್ನು ಚಿತ್ರದಿಂದ ಬೇರೆಯಾಗಿ ಎಳೆದಾಡಬೇಕಾದಾಗ. ನಾನೂ ಇದನ್ನು ಒಂದು ಮದುವೆ ವಿಡಿಯೊ ಕೆಡಿಸಿಕೊಂಡ ಮೇಲೇ ಕಲಿತದ್ದು.

ಹಳೇಕ್ಯಾಮೆರಾ:
ಇಷ್ಟು ವರ್ಷ ಆ ಆಡಿಯೊ ಟ್ಯಾಬ್ ಒತ್ತಿಯೇ ಇರಲಿಲ್ಲ ನಾನು.

ರೊಟ್ಟಿಬುಟ್ಟಿ:
ಮೂರು ಚೂರು ಸಿಕ್ಕವು, ಅಳಿಸಿದೆ, ಈಗ ಎಲ್ಲ ಸರಿ. ನೀವು ಹೇಳಿದ ಮ್ಯೂಟ್ ಫಿಲ್ಟರ್ ಕೂಡಲೇ ಬಳಸಬೇಕಾಯ್ತು. 19ನೇ ತುಂಡಿನಲ್ಲಿ ಅವ್ವ ರೊಟ್ಟಿ ತಿರುವಿ ಹಾಕುತ್ತಾ ಪಕ್ಕದ ಮನೆಯವರ ಸುದ್ದಿ ಮಾತಾಡಿದ್ದಾಳೆ.