ಸಹಾಯ ಬೇಕು: ಹಂದಿಮರಿಗಳ ಭೇದಿಗೆ ಔಷಧ ನಾಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಮಾಲೂರಿನ ಬಳಿ, ನೀಲಗಿರಿ ತೋಪಿನ ಪಕ್ಕದ ಬಯಲಿಗೆ ಬೇಲಿ ಹಾಕಿ ಹಂದಿ ಸಾಕುತ್ತಿದ್ದೇನೆ. ಹಾಲು ಬಿಡಿಸಿದ ವಾರದೊಳಗೆ ಮರಿಗಳಿಗೆ ನೀರಿನಂಥ ಹಳದಿ ಭೇದಿ ಶುರುವಾಗಿ, ಬಾಲದ ಬುಡವೆಲ್ಲ ಕೆಂಪೇರಿ, ಕಣ್ಣು ಗುಳಿಬಿದ್ದು, ಈಗಾಗಲೇ 3 ಮರಿಗಳು ಸತ್ತಿವೆ. ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಚುಚ್ಚುಮದ್ದನ್ನು, ಮರಿಗಳು ಚೇತರಿಸಿಕೊಂಡವೆಂದು 2ನೇ ದಿನಕ್ಕೇ ನಿಲ್ಲಿಸಿದ್ದು ನನ್ನದೇ ತಪ್ಪು. ಆ ಔಷಧಕ್ಕೆ ಬಗ್ಗದ ಇ. ಕೊಲೈ ಬ್ಯಾಕ್ಟೀರಿಯಾ ಕರುಳಿನಲ್ಲಿ ಉಳಿದುಕೊಂಡಿರಬಹುದೆಂದು ಪಶುವೈದ್ಯರು ಈಗ ಶಂಕಿಸಿದ್ದಾರೆ. ಪರಿಚಿತರೊಬ್ಬರು ಕೊಲಿಸ್ಟಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಸೂಚಿಸಿದರು, ಆದರೆ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಮಲದ ಕಲ್ಚರ್ ಮತ್ತು ಸೆನ್ಸಿಟಿವಿಟಿ ಪರೀಕ್ಷೆ (ಯಾವ ರೋಗಾಣುವಿದೆ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ನೋಡುವುದು) ಮಾಡಿಸಿದ ಅನುಭವವಿರುವವರು, ಮಾದರಿಯನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಕೆಡದಂತೆ ಹೇಗೆ ಒಯ್ಯಬೇಕು, ಹಂದಿಗಳು ಹೊರಳಾಡುವ ಕೆಸರುಗುಂಡಿಯನ್ನು ಮುಚ್ಚಿ ಮರಿಗಳನ್ನು ಬೇರೆ ಜಾಗಕ್ಕೆ ಬದಲಿಸಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ.