ಕೊಡಚಾದ್ರಿ: ಹತ್ತಿದ ದಾರಿಯಲ್ಲೇ ಇಳಿಯಬೇಕಾ? ಸಹಾಯ ಬೇಕು

ನವೆಂಬರ್ ಕೊನೆಯಲ್ಲಿ ಒಂದೇ ದಿನದಲ್ಲಿ ಕೊಡಚಾದ್ರಿ ಹತ್ತಿ ಇಳಿಯುವ ಆಸೆ. ನಾನು, ತಂಗಿ, ಜೊತೆಗೆ 58 ವರ್ಷದ ಅಪ್ಪ. ಅಪ್ಪ ದಿನಾ ಐದು ಕಿಲೋಮೀಟರ್ ನಡೆಯುತ್ತಾರೆ, ಆದರೆ ಇಳಿಜಾರು ಬಂದರೆ ಮಂಡಿ ಹಿಡಿದುಕೊಳ್ಳುತ್ತೆ. ಬೆಟ್ಟ 1343 ಮೀಟರ್. ಹತ್ತೋದಕ್ಕೆ ಹೆದರಿಕೆ ಇಲ್ಲ, ಇಳಿಯೋದೇ ಚಿಂತೆ.

ನಿಟ್ಟೂರು ಕಡೆಯಿಂದ ಹಿಡ್ಲುಮನೆ ಜಲಪಾತದ ಪಕ್ಕ ಹತ್ತಿ, ತುದಿಯಲ್ಲಿರೋ ಸರ್ವಜ್ಞ ಪೀಠ ನೋಡಿ, ಜೀಪ್ ರಸ್ತೆಯಲ್ಲಿ ಇಳಿಯೋಣ ಅಂತ ಲೆಕ್ಕ ಹಾಕಿದ್ದೆ. ಜಲಪಾತದ ಒದ್ದೆ ಬಂಡೆಗಳ ಮೇಲೆ ಅಪ್ಪನನ್ನು ಇಳಿಸುವ ಧೈರ್ಯ ನನಗಿಲ್ಲ. ಜಿಗಣೆ ಕಾಟ ಬೇರೆ, ಅದಕ್ಕೆ ಉಪ್ಪು, ಸುಣ್ಣ ಇಟ್ಟುಕೊಂಡಿದ್ದೇವೆ ಬಿಡಿ.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಜೀಪ್ ರಸ್ತೆ ಇಳಿಯೋದು ಕಟ್ಟಿನಹೊಳೆ ಕಡೆಗೆ, ನಮ್ಮ ಕಾರು ಇರೋದು ಹಿಡ್ಲುಮನೆ ದಾರಿ ಶುರುವಾಗುವ ಕಡೆ. ಮ್ಯಾಪ್ ನೋಡಿದೆ, ವಿಡಿಯೋ ನೋಡಿದೆ, ಹೋಗಿ ಬಂದ ಇಬ್ಬರನ್ನು ಕೇಳಿದೆ. ಒಬ್ಬರು ಆಟೋ ಸಿಗುತ್ತೆ ಅಂದರು, ಇನ್ನೊಬ್ಬರು ಸುಮ್ನೆ ನಂಬಬೇಡಿ ಅಂದರು.

ಹೀಗೆ ಸುತ್ತು ಹಾಕಿ ಬಂದವರು ಯಾರಾದರೂ ಇದ್ದೀರಾ? ಸಂಜೆ ನಾಲ್ಕರ ಮೇಲೆ ಕಟ್ಟಿನಹೊಳೆಯಿಂದ ಕಾರಿನ ಹತ್ತಿರ ವಾಪಸ್ ಹೋಗೋಕೆ ಬಸ್ಸೋ ಆಟೋನೋ ಸಿಗುತ್ತಾ, ಅಥವಾ ಕಾರನ್ನು ಮೊದಲೇ ಕಟ್ಟಿನಹೊಳೆಯಲ್ಲಿ ಬಿಟ್ಟು ಬೆಳಿಗ್ಗೆ ಬಾಡಿಗೆ ಜೀಪಿನಲ್ಲಿ ಹಿಡ್ಲುಮನೆ ಕಡೆ ಬರೋದು ವಾಸಿನಾ?